ಹೊಲ ಹುಡುಕಿ ಹೊರಟ ಹೋಟೆಲು

1960ರ ದಶಕದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನಿಂದ ಹೊಸ ಟೊಮೆಟೊ ತಳಿಯೊಂದು ಹೊರಬಂತು. ಹೆಸರು ವಿಎಫ್-145. ತಳಿ ಬೆಳೆಸಿದವರು ಜ್ಯಾಕ್ ಹ್ಯಾನ. ಅದನ್ನು ಕೊಯ್ಯುವ ಯಂತ್ರ ಮಾಡಿದವರು ಅದೇ ಕ್ಯಾಂಪಸ್ಸಿನ ಎಂಜಿನಿಯರ್ ಕೋಬಿ ಲೊರೆಂಜನ್. ಹಣ್ಣುಗಳೆಲ್ಲ ಒಟ್ಟಿಗೆ ಮಾಗಬೇಕು, ಯಂತ್ರ ಗಿಡವನ್ನೇ ಕಿತ್ತು ಒದರಿದರೂ ಸಿಪ್ಪೆ ಒಡೆಯಬಾರದು ಎಂಬ ಲೆಕ್ಕದಲ್ಲಿ ಬೆಳೆಸಿದ ತಳಿ ಅದು. ಮೆಕ್ಸಿಕೋದ ಕೂಲಿಯಾಳುಗಳನ್ನು ಕರೆತರುತ್ತಿದ್ದ ಬ್ರಸೇರೊ ಯೋಜನೆ 1964ರಲ್ಲಿ ಮುಗಿದ ಮೇಲೆ ದೊಡ್ಡ ಜಮೀನುದಾರರು ಈ ಯಂತ್ರವನ್ನು ನೆಚ್ಚಿಕೊಂಡರು. ಆ ದಶಕ ಕಳೆಯುವಷ್ಟರಲ್ಲಿ ಸಾಸಿಗೂ ಕೆಚಪ್ಪಿಗೂ ಹೋಗುವ ಟೊಮೆಟೊ ಬಹುಮಟ್ಟಿಗೆ ಯಂತ್ರದ ಪಾಲಾಗಿತ್ತು. ತಾಜಾ ಮಾರುವ ಟೊಮೆಟೊದ ಪಾಡು ಇನ್ನೊಂದು ಬಗೆಯದು. ಅದನ್ನು ಕಾಯಿಯಿರುವಾಗಲೇ ಕಿತ್ತು, ಎಥಿಲೀನ್ ಅನಿಲ ಹಾಯಿಸಿ ಕೆಂಪಗೆ ಮಾಡಿ, ಲಾರಿಗೇರಿಸಿ ದೇಶದ ಮೂಲೆಮೂಲೆಗೆ ಕಳಿಸುತ್ತಿದ್ದರು. ಚಳಿಗಾಲದಲ್ಲೂ ಟೊಮೆಟೊ ಸಿಗುತ್ತಿತ್ತು, ರುಚಿ ಮಾತ್ರ ಇರುತ್ತಿರಲಿಲ್ಲ.

ಡೇವಿಸ್‌ನಿಂದ ಸುಮಾರು ನೂರು ಕಿಲೋಮೀಟರ್ ದೂರದಲ್ಲಿ ಅದೇ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿದೆ. ಅಲ್ಲಿ ಫ್ರೆಂಚ್ ಸಂಸ್ಕೃತಿ ಓದಿ 1967ರಲ್ಲಿ ಪದವಿ ಪಡೆದ ಆಲಿಸ್ ವಾಟರ್ಸ್ ಎಂಬಾಕೆ ನಾಲ್ಕು ವರ್ಷದ ನಂತರ ತೆರೆದ ಸಣ್ಣ ಹೋಟೆಲು, ಡೇವಿಸ್ ಹಾಕಿಕೊಟ್ಟ ದಾರಿಗೆ ತದ್ವಿರುದ್ಧವಾಗಿ ನಡೆಯಿತು. ಋತುವಿಗೆ ತಕ್ಕಂತೆ ದಿನದಿನವೂ ಊಟದ ಪಟ್ಟಿ ಬದಲಿಸುವ, ತರಕಾರಿ ಬೆಳೆದ ರೈತನ ಹೆಸರನ್ನು ಪಟ್ಟಿಯಲ್ಲೇ ಅಚ್ಚು ಹಾಕುವ ದುಬಾರಿ ಬಿಸ್ಟ್ರೋಗಳು ಇಂದು ಅಮೆರಿಕದ ದೊಡ್ಡ ಊರುಗಳಲ್ಲೆಲ್ಲ ಕಾಣುತ್ತವೆ. ಆ ರೂಢಿಗೆ ದೊಡ್ಡ ದಾರಿ ಮಾಡಿಕೊಟ್ಟ ಹೋಟೆಲು ಇದು, ಶೇ ಪನೀಸ್. ಇದರ ಚರಿತ್ರೆಯನ್ನು ಬಾಣಸಿಗರ ಕೈಚಳಕದ ಕಥೆಯಾಗಿ ಹೇಳುವವರೇ ಹೆಚ್ಚು. ಆದರೆ ಒಳ್ಳೆಯ ಪದಾರ್ಥಕ್ಕಾಗಿ ಹೊಲದಿಂದ ಹೊಲಕ್ಕೆ ಅಲೆದವರನ್ನು ಬಿಟ್ಟರೆ ಆ ಚರಿತ್ರೆ ಅರ್ಧವೂ ಆಗುವುದಿಲ್ಲ.

ವಾಟರ್ಸ್ ವಿದ್ಯಾರ್ಥಿನಿಯಾಗಿದ್ದ ಬರ್ಕ್ಲಿ ಶಾಂತವಾದ ಊರಾಗಿರಲಿಲ್ಲ. 1964ರಲ್ಲಿ ಮಾರಿಯೋ ಸಾವಿಯೋ ಮುಂದಾಳುತನದಲ್ಲಿ ವಾಕ್ ಸ್ವಾತಂತ್ರ್ಯ ಚಳವಳಿ ನಡೆಯಿತು, ಬೆನ್ನಲ್ಲೇ ವಿಯೆಟ್ನಾಂ ಯುದ್ಧದ ವಿರೋಧ. 1965ರಿಂದ ಡೆಲಾನೊ ಊರಿನ ದ್ರಾಕ್ಷಿ ತೋಟಗಳಲ್ಲಿ ಕೂಲಿಕಾರರ ಮುಷ್ಕರ ಶುರುವಾಗಿ, ಸೀಸರ್ ಚಾವೆಜ್ ಕರೆಗೆ ಓಗೊಟ್ಟು ಲಕ್ಷಾಂತರ ಮನೆಗಳು ದ್ರಾಕ್ಷಿ ಕೊಳ್ಳುವುದನ್ನೇ ಬಿಟ್ಟವು. ತಟ್ಟೆಯಲ್ಲಿರುವ ಹಣ್ಣು ಯಾರ ದುಡಿಮೆಯಿಂದ ಬಂತು ಎಂಬ ಪ್ರಶ್ನೆ ಅಲ್ಲಿನ ಯುವಜನರಿಗೆ ಹೊಸದಾಗಿ ಉಳಿಯಲಿಲ್ಲ.

ಓದಿನ ನಡುವೆ, 1965ರಲ್ಲಿ, ವಾಟರ್ಸ್ ಪ್ಯಾರಿಸ್ಸಿಗೆ ಹೋಗಿದ್ದರು. ಬೆಳಗ್ಗೆ ಸಂತೆಗೆ ಬಂದದ್ದೇ ಮಧ್ಯಾಹ್ನದ ಅಡುಗೆಯಾಗುವ, ನಾಲ್ಕಾರು ಮೇಜುಗಳ ಬಿಸ್ಟ್ರೋಗಳು ಅಲ್ಲಿ ಬೀದಿಬೀದಿಗೂ ಇದ್ದವು. ಊರಿಗೆ ಮರಳಿದ ಮೇಲೆ ಎಲಿಜಬೆತ್ ಡೇವಿಡ್ ಬರೆದ ಅಡುಗೆ ಪುಸ್ತಕಗಳನ್ನು ಮುಂದಿಟ್ಟುಕೊಂಡು ಗೆಳೆಯರಿಗೆ ಬೇಯಿಸಿ ಬಡಿಸಿದರು; ಮಾಂಟೆಸ್ಸರಿ ಶಾಲೆಯಲ್ಲಿ ಪಾಠವನ್ನೂ ಹೇಳಿದರು. ಸಿನಿಮಾ ಹುಚ್ಚಿನ ಗೆಳೆಯ ಟಾಮ್ ಲಡ್ಡಿ ಅವರಿಗೆ ಮಾರ್ಸೆಲ್ ಪಾನ್ಯೋಲ್‌ರ ಮೂರು ಹಳೆಯ ಚಿತ್ರಗಳನ್ನು ತೋರಿಸಿದ. ಮಾರ್ಸೇ ಬಂದರಿನ ಜನರ ಬದುಕಿನ ಆ ಚಿತ್ರಗಳಲ್ಲಿ ಪನೀಸ್ ಎಂಬ ಉದಾರಿ ಮುದುಕನೊಬ್ಬ ಬರುತ್ತಾನೆ. ಹೋಟೆಲಿಗೆ ಅವನ ಹೆಸರೇ ನಿಂತಿತು.

1971ರ ಆಗಸ್ಟ್ 28ರಂದು ಶಾಟಕ್ ಅವೆನ್ಯೂವಿನ 1517ನೇ ನಂಬರಿನ ಹಳೇ ಮನೆಯಲ್ಲಿ ಹೋಟೆಲು ಶುರುವಾಯಿತು. ಅಡುಗೆಮನೆಯ ಹೊಣೆ ಹೊತ್ತಿದ್ದ ವಿಕ್ಟೋರಿಯಾ ಕ್ರೋಯರ್ ಅಲ್ಲಿಯವರೆಗೆ ತತ್ತ್ವಶಾಸ್ತ್ರದ ವಿದ್ಯಾರ್ಥಿನಿ. ಹೋಟೆಲಿನಲ್ಲಿ ದುಡಿದ ಅನುಭವ ಹೆಚ್ಚಿನವರಿಗೆ ಇರಲಿಲ್ಲ. ಆಯ್ಕೆಗೆ ಅವಕಾಶವಿಲ್ಲ, ಎಲ್ಲರಿಗೂ ಒಂದೇ ಊಟ: ಹಿಟ್ಟಿನ ಹೊದಿಕೆಯಲ್ಲಿ ಬೇಯಿಸಿದ ಪಾತೆ, ಆಲಿವ್ ಹಾಕಿದ ಬಾತುಕೋಳಿ, ಸಲಾಡ್, ಕೊನೆಗೆ ಪ್ಲಮ್ ಹಣ್ಣಿನ ಟಾರ್ಟ್. ಬೆಲೆ 3 ಡಾಲರ್ 95 ಸೆಂಟ್. ಜನ ಕಿಕ್ಕಿರಿದು ಬಂದರು, ಒಂದು ಬಡಿಸಿ ಇನ್ನೊಂದು ಬರುವ ತನಕ ತಾಳ್ಮೆಯಿಂದ ಕಾದರು. ಬಂದ ದುಡ್ಡಿಗಿಂತ ಕೊಂಡ ಸಾಮಾನಿನ ಖರ್ಚೇ ಮೇಲಾಗಿ ಮೊದಲ ಕೆಲವು ವರ್ಷ ಹೋಟೆಲು ಸಾಲದಲ್ಲೇ ನಡೆಯಿತು.

ಖರ್ಚು ಏರಿದ್ದಕ್ಕೆ ಕಾರಣವಿತ್ತು. ಫ್ರೆಂಚ್ ಅಡುಗೆ ಮಾಡಲು ಹೊರಟವರಿಗೆ ಸೂಪರ್ ಮಾರ್ಕೆಟ್ಟಿನಲ್ಲಿ ಸಿಗುತ್ತಿದ್ದುದು ಐಸ್‌ಬರ್ಗ್ ಲೆಟಿಸ್ಸಿನ ಗಟ್ಟಿ ಉಂಡೆ, ಶೀತಲ ಪೆಟ್ಟಿಗೆಯ ಬಟಾಣಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕೋಳಿ. ಬಾತುಕೋಳಿಗೆ ಸ್ಯಾನ್ ಫ್ರಾನ್ಸಿಸ್ಕೋದ ಚೈನಾ ಟೌನಿಗೆ ಹೋಗಬೇಕಾಯಿತು. ನೆರೆಹೊರೆಯವರು ಹಿತ್ತಲಲ್ಲಿ ಬೆಳೆದ ನಿಂಬೆ, ಸೊಪ್ಪು ತಂದುಕೊಟ್ಟರು. ಎಳೆಯ ಎಲೆಗಳ ಮೆಸ್ಕ್ಲನ್ ಸಲಾಡ್ ಬೇಕೆಂದಾಗ ವಾಟರ್ಸ್ ಫ್ರಾನ್ಸಿನ ನೀಸ್ ಊರಿನಿಂದ ಬೀಜ ತಂದು ತಮ್ಮ ಮನೆಯ ಹಿತ್ತಲಲ್ಲೇ ಬಿತ್ತಿದರು. ಈಗ ಮಾಲ್‌ಗಳಲ್ಲಿ ಡಬ್ಬಿ ಕಟ್ಟಿ ಮಾರುವ ಬೆರಕೆ ಸೊಪ್ಪಿನ ಸಲಾಡ್ ಅಮೆರಿಕದಲ್ಲಿ ಬಳಕೆಗೆ ಬಂದದ್ದರಲ್ಲಿ ಆ ಹಿತ್ತಲಿನ ಪಾಲು ದೊಡ್ಡದು.

1973ರಲ್ಲಿ ಜೆರೆಮಾಯಾ ಟವರ್ ಬಾಣಸಿಗರಾಗಿ ಸೇರಿದರು. ಹಾರ್ವರ್ಡ್‌ನಲ್ಲಿ ವಾಸ್ತುಶಿಲ್ಪ ಓದಿದ್ದ ಟವರ್ ಫ್ರಾನ್ಸಿನ ಒಂದೊಂದು ಸೀಮೆಯ ಅಡುಗೆಯನ್ನೂ ಬಡಿಸುತ್ತ ಬಂದು, 1976ರ ಅಕ್ಟೋಬರ್ 7ರಂದು ಉತ್ತರ ಕ್ಯಾಲಿಫೋರ್ನಿಯಾದ ಹೆಸರಿನಲ್ಲೇ ಒಂದು ಊಟ ಇಟ್ಟರು. ಟೊಮಾಲೆಸ್ ಕೊಲ್ಲಿಯ ಸಿಂಪಿ, ಮೆಂಡೊಸಿನೊ ರೀತಿಯ ಜೋಳದ ಸೂಪು, ಬಿಗ್ ಸರ್ ತೊರೆಯ ಟ್ರೌಟ್ ಮೀನು, ಮಾಂಟೆರೆ ಕೊಲ್ಲಿಯ ಸಿಗಡಿ, ಸೊನೋಮಾದ ಚೀಸು. ಪಟ್ಟಿಯಲ್ಲಿ ಫ್ರೆಂಚ್ ಭಾಷೆ ಇರಲಿಲ್ಲ. ಅದರ ಬದಲು ಸುತ್ತಲಿನ ಊರುಗಳ ಹೆಸರಿದ್ದವು. ಪ್ಯಾರಿಸ್ಸಿನ ನಕಲಾಗಿ ಹುಟ್ಟಿದ ಹೋಟೆಲು ಅಲ್ಲಿಂದ ಮುಂದೆ ತಾನು ನಿಂತ ನೆಲದ ಹೋಟೆಲಾಯಿತು. ಕ್ಯಾಲಿಫೋರ್ನಿಯಾ ಶೈಲಿಯನ್ನು ಹುಟ್ಟುಹಾಕಿದ ಕೀರ್ತಿ ವಾಟರ್ಸ್‌ಗೆ ಸಲ್ಲಬೇಕೋ ಟವರ್‌ಗೋ ಎಂಬ ವಾಗ್ವಾದ ಇವತ್ತಿಗೂ ಮುಗಿದಿಲ್ಲ. ಆ ಪಟ್ಟಿಯನ್ನು ಓದಿದರೆ, ಸಿಂಪಿ ತೆಗೆದವರಿಗೂ ಚೀಸು ಮಾಡಿದವರಿಗೂ ಅದರಲ್ಲಿ ಪಾಲಿದೆ ಎನ್ನುವುದು ಸ್ಪಷ್ಟ.

ಸರ್ಕಾರದ ನಿಯಮವೂ ಈ ಹೊತ್ತಿಗೆ ಸಡಿಲಾಯಿತು. ಅಲ್ಲಿಯವರೆಗೆ ಕ್ಯಾಲಿಫೋರ್ನಿಯಾದ ರೈತ ಹೊಲದಿಂದಾಚೆ ಹಣ್ಣು ಮಾರಬೇಕಾದರೆ ನಿಗದಿತ ಅಳತೆ, ನಿಗದಿತ ಪೆಟ್ಟಿಗೆಯ ಕಟ್ಟಳೆಗೆ ಒಳಪಡಬೇಕಿತ್ತು. 1977ರಲ್ಲಿ, ಗವರ್ನರ್ ಜೆರ್ರಿ ಬ್ರೌನ್ ಕಾಲದಲ್ಲಿ, ನೋಂದಾಯಿತ ರೈತ ಸಂತೆಗಳಲ್ಲಿ ಬೆಳೆಗಾರರೇ ಗಿರಾಕಿಗೆ ನೇರವಾಗಿ ಮಾರುವ ಅವಕಾಶ ಸಿಕ್ಕಿತು. 1983ರ ಹೊತ್ತಿಗೆ ಶೇ ಪನೀಸ್‌ನಲ್ಲಿ ಅಡುಗೆಗಿದ್ದ ಸಿಬೆಲ್ಲಾ ಕ್ರಾಸ್ ಒಲೆ ಬಿಟ್ಟು ಹೊಲಗಳ ದಾರಿ ಹಿಡಿದರು. ಯಾರ ಬಳಿ ಯಾವ ಹಣ್ಣಿದೆ, ಯಾವ ವಾರ ಮಾಗುತ್ತದೆ, ಎಷ್ಟು ಕೊಡಬಲ್ಲರು ಎಂದು ವಿಚಾರಿಸಿ ರೈತರನ್ನೂ ಹೋಟೆಲುಗಳನ್ನೂ ಒಟ್ಟಿಗೆ ತರುವುದೇ ಅವರ ಕೆಲಸ. ಹೋಟೆಲಿನ ಸಂಬಳದ ಪಟ್ಟಿಯಲ್ಲಿ ಇಂಥ ಹುದ್ದೆ ಇರುವುದೇ ಆಗ ಹೊಸ ಸಂಗತಿಯಾಗಿತ್ತು.

ವಾಟರ್ಸ್‌ರ ಅಪ್ಪ ಕೂಡ ಮಗಳಿಗಾಗಿ ಜಮೀನು ಹುಡುಕುತ್ತ ತಿರುಗಾಡಿದವರು. ಕೊನೆಗೆ ಸಿಕ್ಕವರು ಸೊನೋಮಾ ಕಣಿವೆಯ ಬಾಬ್ ಕನಾರ್ಡ್. ಕಳೆಯನ್ನೂ ಗಿಡದ ಜೊತೆಗೇ ಬೆಳೆಯಗೊಟ್ಟು, ಮಣ್ಣಿನ ಸಾರ ಕಾಪಾಡುವುದನ್ನೇ ಮುಖ್ಯ ಕೆಲಸ ಎಂದುಕೊಂಡ ಬೇಸಾಯಗಾರ. ಅವರ ಹೊಲದಿಂದ ಕ್ಯಾರೆಟ್ಟು, ಮೂಲಂಗಿ, ಸೊಪ್ಪು ತುಂಬಿಕೊಂಡು ಗಾಡಿ ಬರ್ಕ್ಲಿಗೆ ಬರುತ್ತಿತ್ತು. ಮರಳುವಾಗ ಹೋಟೆಲಿನ ಸಿಪ್ಪೆ, ಕಾಂಡ, ಉಳಿಕೆಯನ್ನೆಲ್ಲ ಗೊಬ್ಬರಕ್ಕೆಂದು ಹೊಲಕ್ಕೆ ಒಯ್ಯುತ್ತಿತ್ತು. ಕನಾರ್ಡ್ ಬೆಳೆದದ್ದನ್ನು ಹೋಟೆಲು ಕೊಳ್ಳಲೇಬೇಕು ಎನ್ನುವಷ್ಟು ಹತ್ತಿರದ ನಂಟು ಅದು. ಹಾಗಾಗಿ ಊಟದ ಪಟ್ಟಿ ಹೊಲವನ್ನು ಆಳುವ ಬದಲು ಹೊಲವೇ ಪಟ್ಟಿಯನ್ನು ಬರೆಸಿತು.

ಇಂಥ ನಂಟಿನಿಂದ ಉಳಿದುಕೊಂಡ ಹಣ್ಣುಗಳಲ್ಲಿ ಫ್ರೆಸ್ನೋ ಬಳಿಯ ಡೆಲ್ ರೇ ಊರಿನ ಮಸುಮೋಟೊ ಕುಟುಂಬದ ಪೀಚ್ ಒಂದು. ಎರಡನೇ ಮಹಾಯುದ್ಧದ ಕಾಲದಲ್ಲಿ ಜಪಾನೀ ಮೂಲದವರೆಂಬ ಒಂದೇ ಕಾರಣಕ್ಕೆ ಬಂಧನ ಶಿಬಿರ ಸೇರಿದ್ದ ಕುಟುಂಬ, ಯುದ್ಧ ಮುಗಿದ ಮೇಲೆ 1948ರಲ್ಲಿ ಜಮೀನು ಕೊಂಡು ತೋಟ ಮಾಡಿತು. ಅವರು ಬೆಳೆಯುತ್ತಿದ್ದ ಸನ್ ಕ್ರೆಸ್ಟ್ ತಳಿ ರಸ ತುಂಬಿದ್ದು, ಕಚ್ಚಿದರೆ ಗಲ್ಲದ ಮೇಲೆ ಇಳಿಯುವಂಥದ್ದು. ಆದರೆ ಮಾಗಿದಾಗ ಕಡುಗೆಂಪಾಗದೆ ಹಳದಿ ಬೆರೆತೇ ಇರುತ್ತದೆ, ಬಹಳ ದಿನ ತಾಳುವುದೂ ಇಲ್ಲ. ಅಂಗಡಿಗಳಿಗೆ ಬೇಕಾಗಿದ್ದುದು ಕೆಂಪು ಬಣ್ಣ, ಗಟ್ಟಿ ತಿರುಳು. ಕೊಳ್ಳುವವರಿಲ್ಲದೆ ಮರಗಳನ್ನು ಬುಲ್ಡೋಜರಿಗೆ ಒಪ್ಪಿಸುವ ಹಂತಕ್ಕೆ ಬಂದಿದ್ದ ಡೇವಿಡ್ ಮಾಸ್ ಮಸುಮೋಟೊ 1987ರಲ್ಲಿ ಪತ್ರಿಕೆಯೊಂದಕ್ಕೆ ಆ ನೋವನ್ನು ಬರೆದರು. ಓದಿದವರು ಮರ ಉಳಿಸಿ ಎಂದು ಪತ್ರ ಬರೆದರು, ಮರ ಉಳಿದವು. ಮುಂದೆ ಆ ಪೀಚ್ ಶೇ ಪನೀಸ್‌ನ ಮೇಜಿಗೆ ಬಂದಾಗ ಅದಕ್ಕೆ ಕೆನೆಯನ್ನೂ ಸಕ್ಕರೆಯನ್ನೂ ಸೋಕಿಸಲಿಲ್ಲ. ಊಟದ ಕೊನೆಯಲ್ಲಿ ಇಡೀ ಹಣ್ಣನ್ನು ಹಾಗೇ ತಟ್ಟೆಯಲ್ಲಿಟ್ಟು, ಪಟ್ಟಿಯಲ್ಲಿ ಬೆಳೆದವರ ಹೆಸರು ಬರೆದರು. ಇಷ್ಟು ದುಡ್ಡು ಕೊಟ್ಟು ಬರೀ ಒಂದು ಹಣ್ಣೇ ಎಂದು ಹುಬ್ಬೇರಿಸಿದವರುಂಟು. ಸರಿಯಾದ ವಾರದಲ್ಲಿ ಸಿಕ್ಕ ಸೊಗಡಿನ ಅವರೆಗೆ ಉಪ್ಪು, ಖಾರ ಬಿಟ್ಟು ಇನ್ನೇನು ಬೇಕು ಎನ್ನುವ ಬಯಲುಸೀಮೆಯವರಿಗೆ ಈ ಧೈರ್ಯ ಚೆನ್ನಾಗಿ ಅರ್ಥವಾದೀತು.

ಒಳಗಿನ ಕೆಲಸದ ರೀತಿಯೂ ಋತುವಿಗೆ ಹೊಂದಿಕೊಂಡಿತು. ಕೆಳಗಿನ ಅಂತಸ್ತಿನಲ್ಲಿ ರಾತ್ರಿಗೊಂದು ನಿಗದಿತ ಊಟ, ದಿನವೂ ಬೇರೆ. ಮಧ್ಯಾಹ್ನ ಅಡುಗೆಯವರೆಲ್ಲ ಸೇರಿ ಅಂದು ಬಂದ ಸೊಪ್ಪು, ಹಣ್ಣುಗಳ ರುಚಿ ನೋಡಿ ಯಾವುದನ್ನು ಹೇಗೆ ಬೇಯಿಸುವುದೆಂದು ಮಾತಾಡಿಕೊಳ್ಳುತ್ತಾರೆ. 1980ರಲ್ಲಿ ಮಹಡಿಯ ಮೇಲೆ ಕಟ್ಟಿಗೆ ಒಲೆಯ ಕೆಫೆ ತೆರೆಯಿತು. ಅಲ್ಲಿ ಆಯ್ಕೆಯೂ ಉಂಟು, ಬೆಲೆಯೂ ಕಡಿಮೆ. 1982ರ ಬೆಂಕಿಯಲ್ಲಿ ಅಡುಗೆಮನೆಗೂ ಊಟದ ಕೋಣೆಗೂ ನಡುವಿದ್ದ ಗೋಡೆ ಸುಟ್ಟುಹೋದಾಗ ಅದನ್ನು ಮತ್ತೆ ಕಟ್ಟಲಿಲ್ಲ. ಕೆಳಗಿನ ಅಡುಗೆಮನೆಯನ್ನು ಎಷ್ಟೋ ಕಾಲ ಡೇವಿಡ್ ಟ್ಯಾನಿಸ್ ಮತ್ತು ಜ್ಯಾಂ-ಪಿಯೆರ್ ಮೂಲೆ ಆರಾರು ತಿಂಗಳಂತೆ ಹಂಚಿಕೊಂಡು ನಡೆಸಿದರು. ವಸಂತದಲ್ಲಿ ಭಾರತದ ಗಾಳಿಯೂ ಬೀಸುತ್ತಿತ್ತು. ಮುಂಬಯಿ ಮೂಲದ ಪಾರ್ಸಿ ಮಾನವಶಾಸ್ತ್ರಜ್ಞೆ ನಿಲೂಫರ್ ಇಚಾಪೋರಿಯಾ ಕಿಂಗ್ ಹಲವು ವರ್ಷ ಇಲ್ಲಿ ನವರೋಜ್ ಹಬ್ಬದ ಊಟ ಮಾಡಿ ಬಡಿಸಿದರು.

ಇಲ್ಲಿ ಕೈ ಪಳಗಿಸಿಕೊಂಡವರು ಬೇರೆಡೆ ಬೇರುಬಿಟ್ಟರು. ಮೇಜು ಒರೆಸುತ್ತಿದ್ದ ಸ್ಟೀವ್ ಸಲಿವನ್ 1983ರಲ್ಲಿ ಆಕ್ಮೆ ಬ್ರೆಡ್ ಬೇಕರಿ ತೆರೆದರು. ಜೂಡಿ ರಾಜರ್ಸ್ ಸ್ಯಾನ್ ಫ್ರಾನ್ಸಿಸ್ಕೋದ ಝುನಿ ಕೆಫೆಯನ್ನು ಹೆಸರುವಾಸಿ ಮಾಡಿದರು. ಉಪ್ಪು, ಕೊಬ್ಬು, ಹುಳಿ, ಶಾಖ ಎಂಬ ನಾಲ್ಕರ ಮೇಲೆ ಅಡುಗೆ ಕಲಿಸಿ ಜಗತ್ತಿಗೆ ಪರಿಚಿತರಾದ ಸಮೀನ್ ನಸ್ರತ್ ಕೂಡ ಈ ಹೋಟೆಲಿನಿಂದಲೇ ಬಂದವರು. 2001ರಲ್ಲಿ ಗೂರ್ಮೇ ಪತ್ರಿಕೆ ಶೇ ಪನೀಸನ್ನು ಅಮೆರಿಕದ ಅತ್ಯುತ್ತಮ ಹೋಟೆಲೆಂದು ಆರಿಸಿತು.

ಹೆಸರಿನ ಜೊತೆ ಬೆಲೆಯೂ ಏರಿತು. 1971ರ 3 ಡಾಲರ್ 95 ಸೆಂಟಿಗೆ ಇವತ್ತಿನ ಲೆಕ್ಕದಲ್ಲಿ ಸುಮಾರು 30 ಡಾಲರ್ ಬೆಲೆ. ಕೆಳಗಿನ ಅಂತಸ್ತಿನ ಊಟ ಈಗ 150 ಡಾಲರ್ ದಾಟಿದೆ. ರೈತನಿಗೆ ನ್ಯಾಯವಾದ ದರ ಕೊಟ್ಟರೆ ಊಟ ದುಬಾರಿಯಾಗುವುದು ಸಹಜ ಎನ್ನುವುದು ವಾಟರ್ಸ್ ವಾದ. ಆ ಮಾತು ನಿಜವೇ, ಆದರೆ ಅಷ್ಟು ದುಡ್ಡು ತೆರಲಾಗದವರಿಗೆ ಒಳ್ಳೆಯ ಹಣ್ಣು ಸಿಗುವುದು ಹೇಗೆ ಎಂಬ ಪ್ರಶ್ನೆಗೆ ಹೋಟೆಲಿನೊಳಗೆ ಉತ್ತರವಿಲ್ಲ. ಬರ್ಕ್ಲಿಯ ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್ ಶಾಲೆಯ ಅಂಗಳದಲ್ಲಿ 1995ರಲ್ಲಿ ವಾಟರ್ಸ್ ಕೈತೋಟ ಶುರುಮಾಡಿಸಿದ್ದು ಆ ಉತ್ತರಕ್ಕಾಗಿ. ಮಕ್ಕಳು ಅಲ್ಲಿ ಬಿತ್ತಿ, ಕೊಯ್ದು, ಬೇಯಿಸಿ, ಒಟ್ಟಿಗೆ ಕೂತು ಉಣ್ಣುವುದು ಪಾಠದ ಭಾಗವಾಗಿದೆ. 2022ರಿಂದ ಕ್ಯಾಲಿಫೋರ್ನಿಯಾ ಎಲ್ಲ ಸರ್ಕಾರಿ ಶಾಲೆಗಳ ಮಕ್ಕಳಿಗೂ ಉಚಿತ ಊಟ ಕೊಡುತ್ತಿದೆ. ಶೇ ಪನೀಸ್ ಐದು ದಶಕ ಮಾಡಿದಂತೆ ಶಾಲೆಗಳೂ ಆ ಊಟದ ದವಸ, ತರಕಾರಿಯನ್ನು ಹತ್ತಿರದ ರೈತರಿಂದ ನೇರವಾಗಿ, ನ್ಯಾಯವಾದ ಬೆಲೆಗೆ ಕೊಳ್ಳಬೇಕು ಎಂದು ಎಂಬತ್ತು ದಾಟಿದ ವಾಟರ್ಸ್ ಈಗಲೂ ಸರ್ಕಾರಗಳನ್ನು ಒತ್ತಾಯಿಸುತ್ತಿದ್ದಾರೆ.