ಕಬಿನಿ ಹಿನ್ನೀರಿನ ಕೆಳಗಿರೋ ಕಾಕನಕೋಟೆ

ಕಬಿನಿಯ ಫೋಟೊ ನೀವು ನೋಡೇ ಇರ್ತೀರಿ. ಏಪ್ರಿಲ್ ಬಿಸಿಲು, ಇಳಿದ ನೀರು, ದಡದ ಹಸಿರು ಹುಲ್ಲಿನ ಮೇಲೆ ಹಿಂಡು ಹಿಂಡು ಆನೆ, ಹಿಂದೆ ನೀರಲ್ಲೇ ನಿಂತ ಒಣ ಮರಗಳು. ಇನ್‌ಸ್ಟಾಗ್ರಾಮ್‌ನಲ್ಲಿ ಇಂಥ ಫೋಟೊಗೆ 'ಮನುಷ್ಯ ಮುಟ್ಟದ ಪ್ರಕೃತಿ' ಅಂತ ಕ್ಯಾಪ್ಷನ್ ಬೀಳುತ್ತೆ. ಇವತ್ತಿನ ಸಂಚಿಕೆಯಲ್ಲಿ ನಾನು ಹೇಳೋದು ಇಷ್ಟೇ: ಆ ಫೋಟೊದಲ್ಲಿ ಮನುಷ್ಯ ಮುಟ್ಟದೇ ಬಿಟ್ಟಿರೋದು ಹೆಚ್ಚೇನೂ ಇಲ್ಲ.

ಮೊದಲು ಜಾಗ ಎಲ್ಲಿ ಅಂತ ನೋಡೋಣ. ಕಬಿನಿ ಹುಟ್ಟೋದು ಕೇರಳದ ವಯನಾಡಿನಲ್ಲಿ, ಕಾವೇರಿಗೆ ಸೇರೋದು ತಿ. ನರಸೀಪುರದಲ್ಲಿ. ನಡುವೆ ಎಚ್.ಡಿ. ಕೋಟೆ ತಾಲೂಕಿನಲ್ಲಿ ಅದರ ಒಂದು ಕಡೆ ನಾಗರಹೊಳೆ, ಇನ್ನೊಂದು ಕಡೆ ಬಂಡೀಪುರ. ಈಗ ಎರಡೂ ಹುಲಿ ಮೀಸಲು ಪ್ರದೇಶ. ಹಳೆಯ ಕಾಗದಪತ್ರಗಳಲ್ಲಿ ಈ ಕಾಡಿನ ಹೆಸರು ಕಾಕನಕೋಟೆ. ಅದು ಲೋಕಕ್ಕೆಲ್ಲ ಗೊತ್ತಿದ್ದದ್ದು ಒಂದೇ ಕಾರಣಕ್ಕೆ: ಖೆಡ್ಡಾ. ಅಂದರೆ ಕಾಡಾನೆಗಳ ಇಡೀ ಹಿಂಡನ್ನೇ ಒಟ್ಟಿಗೆ ಸೆರೆ ಹಿಡಿಯೋದು.

ಮೈಸೂರು ಸೀಮೆಯಲ್ಲಿ ಇದನ್ನ ಮೊದಲು ಗೆದ್ದವನು ಸ್ಯಾಂಡರ್ಸನ್ ಅನ್ನೋ ಇಂಗ್ಲಿಷ್ ಅಧಿಕಾರಿ. ಅವನ ಕೆಲಸ ಇದ್ದದ್ದು ಕಾಲುವೆಗಳ ಉಸ್ತುವಾರಿ, ಹುಚ್ಚು ಇದ್ದದ್ದು ಆನೆಗಳದ್ದು. 1874ರಲ್ಲಿ ಚಾಮರಾಜನಗರದ ಕಡೆ ಒಂದು ಹಿಂಡನ್ನ ಹಿಡಿದ. 1878ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಅವನೊಂದು ಕತೆ ಬರೆದಿದ್ದಾನೆ. ನೂರು ವರ್ಷ ಹಿಂದೆ ಹೈದರಾಲಿ ಕಾಕನಕೋಟೆ ಕಾಡಲ್ಲಿ ಇದನ್ನೇ ಮಾಡಲು ಹೋಗಿ ಸೋತನಂತೆ. ಇದು ಯಾರಿಂದಲೂ ಆಗದು ಅಂತ ಕಲ್ಲಿನ ಮೇಲೆ ಶಾಪ ಕೆತ್ತಿಸಿದನಂತೆ. ನಿಜವೋ ದಂತಕತೆಯೋ, ಆ ಶಾಪ ಅಂತೂ ಫಲಿಸಲಿಲ್ಲ.

ಕಾಕನಕೋಟೆಯ ಖೆಡ್ಡಾಕ್ಕೆ ನದಿಯೇ ಮುಖ್ಯ. ತಮಟೆ, ಕೂಗಾಟ, ಬೆಂಕಿ ಇಟ್ಟುಕೊಂಡು ಜನ ದಿನಗಟ್ಟಲೆ ಹಿಂಡಿನ ಸುತ್ತ ಕಾವಲು ಕೂರ್ತಿದ್ರು. ಆಮೇಲೆ ಅವನ್ನ ಕಬಿನಿಗೆ ಇಳಿಸಿ, ಈಜಿಸಿ, ಆಚೆ ದಡದಲ್ಲಿ ದಪ್ಪ ಮರದ ದಿಮ್ಮಿಗಳಿಂದ ಕಟ್ಟಿದ ದೊಡ್ಡಿಗೆ ನುಗ್ಗಿಸೋದು. ಬಾಗಿಲು ಬಿತ್ತು ಅಂದ್ರೆ ಮುಗೀತು. ಪಳಗಿದ ಕುಮ್ಕಿ ಆನೆಗಳು ಎರಡೂ ಪಕ್ಕ ಒತ್ತಿ ಹಿಡಿಯೋವು. ಮಾವುತರು ಕೆಳಗೆ ನುಸುಳಿ ಹಿಂಗಾಲಿಗೆ ಹಗ್ಗ ಬಿಗಿಯೋರು. ಹಗ್ಗದ ಗಾಯದಿಂದ, ಬರೀ ಭಯದಿಂದ ಸಾಯೋ ಆನೆಗಳೂ ಇದ್ದವು. ಇದನ್ನ ನೋಡೋಕೆ ಗಣ್ಯರಿಗೆ ಗ್ಯಾಲರಿ! 1906ರಲ್ಲಿ ಬ್ರಿಟನ್ನಿನ ಯುವರಾಜನೇ ಬಂದಿದ್ದ, ಮುಂದೆ ಐದನೇ ಜಾರ್ಜ್ ಆದವನು. ನದಿ ದಡದ ಕಾರಾಪುರ ಹಾಡಿಯಲ್ಲಿ ಹುಟ್ಟಿದ ಮಾವುತನ ಮಗ ಸಾಬು 1937ರ 'ಎಲಿಫೆಂಟ್ ಬಾಯ್' ಸಿನಿಮಾದಿಂದ ಹಾಲಿವುಡ್ ತನಕ ಹೋದ. ಅವನದ್ದೇ ಒಂದು ಸಂಚಿಕೆ ಆಗುತ್ತೆ, ಇರಲಿ.

ಗ್ಯಾಲರಿಯಲ್ಲಿ ಕೂತವರ ಹೆಸರು ದಾಖಲೆಯಲ್ಲಿದೆ. ಹೆಜ್ಜೆ ನೋಡಿ ಹಿಂಡು ಎಲ್ಲಿದೆ ಅಂತ ಹೇಳಿದವರ ಹೆಸರು ಹುಡುಕಿದರೆ ಸಿಗೋದು ಬರೀ ಜಾತಿ: ಜೇನುಕುರುಬರು, ಬೆಟ್ಟಕುರುಬರು. ಅವರಿಲ್ಲದೆ ಖೆಡ್ಡಾ ಆಗ್ತಿರಲಿಲ್ಲ.

ಇನ್ನು ನಾಲ್ಕು ಇಸವಿ ನೆನಪಿಟ್ಟುಕೊಳ್ಳಿ. 1971, ಕಾಕನಕೋಟೆಯ ಕೊನೆಯ ಖೆಡ್ಡಾ. 1972, ವನ್ಯಜೀವಿ ಸಂರಕ್ಷಣಾ ಕಾಯ್ದೆ. 1973, ಹುಲಿ ಯೋಜನೆ. ಮೊದಲ ಒಂಬತ್ತು ಮೀಸಲು ಪ್ರದೇಶಗಳಲ್ಲಿ ಬಂಡೀಪುರವೂ ಒಂದು. 1974, ಬೀಚನಹಳ್ಳಿಯ ಹತ್ತಿರ ಕಬಿನಿ ಅಣೆಕಟ್ಟು. ಆನೆಯನ್ನ ಹಿಡಿಯೋ ಸರ್ಕಾರ ಅದನ್ನ ಕಾಯೋ ಸರ್ಕಾರ ಆಯ್ತು, ಹಿಡಿದ ಜಾಗ ನೀರಿನಡಿಗೆ ಹೋಯ್ತು.

ಹೋದ ಬೇಸಿಗೆಯಲ್ಲಿ ಬೋಟ್ ಸಫಾರಿಗೆ ಹೋದಾಗ ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗಿ ಕೇಳಿದಳು: "ಅಣ್ಣಾ, ಈ ಮರಗಳೇನು ನೀರಲ್ಲೇ ಬೆಳೆದವಾ?" ಬೋಟ್ ನಡೆಸುವವರು ನಕ್ಕರು. "ಇಲ್ಲ ಕಣಮ್ಮಾ, ಇದೆಲ್ಲ ಕಾಡೇ. ಡ್ಯಾಮ್ ಬಂದಾಗ ಮುಳುಗ್ತು."

ಆನೆ ಸೇರೋ ಗುಟ್ಟೂ ಅಲ್ಲೇ ಇದೆ. ಜಲಾಶಯದ ಸಾಮರ್ಥ್ಯ ಸುಮಾರು 19.5 ಟಿಎಂಸಿ. ಮಳೆಗಾಲದಲ್ಲಿ ತುಂಬುತ್ತೆ, ಆಮೇಲೆ ಹೊಲಗಳಿಗೆ, ಊರುಗಳಿಗೆ ಹರಿದು ಬೇಸಿಗೆಗೆ ಇಳಿಯುತ್ತೆ. ನೀರು ಬಿಟ್ಟುಕೊಟ್ಟ ಹಸಿ ಮಣ್ಣಲ್ಲಿ ಎಳೆ ಹುಲ್ಲು ಚಿಗುರುತ್ತೆ. ಸುತ್ತಲ ಕಾಡು ಒಣಗಿ ಕಡ್ಡಿಯಾದಾಗ ಕುಡಿಯೋಕೆ ನೀರು, ತಿನ್ನೋಕೆ ಹುಲ್ಲು ಎರಡೂ ಸಿಗೋದು ಇಲ್ಲೇ. ಹಿಂಡುಗಳು ದೂರದ ಕಾಡುಗಳಿಂದಲೂ ಬರ್ತವೆ. ನಾವು ದುಡ್ಡು ಕೊಟ್ಟು ನೋಡೋ ದೃಶ್ಯ ಅರ್ಧ ನೀರಾವರಿ ಇಲಾಖೆಯ ಕೊಡುಗೆ ಅಂದ್ರೆ ತಪ್ಪಾಗಲ್ಲ.

ಖೆಡ್ಡಾ ನಿಂತರೂ ಆನೆ ಹಿಡಿಯೋದು ನಿಲ್ಲಲಿಲ್ಲ. ದಸರೆಯಲ್ಲಿ ಎಂಟು ಸಲ ಚಿನ್ನದ ಅಂಬಾರಿ ಹೊತ್ತ ಅರ್ಜುನ ಗೊತ್ತಲ್ಲ? ಅವನೂ ಕಾಕನಕೋಟೆಯವನೇ, 1968ರ ಖೆಡ್ಡಾದಲ್ಲಿ ಸಿಕ್ಕವನು. ಇದೇ ಕಾಡಿನ ಬಳ್ಳೆ ಶಿಬಿರದಲ್ಲಿ ಬಾಳಿದ. 2023ರ ಡಿಸೆಂಬರ್‌ನಲ್ಲಿ ಸಕಲೇಶಪುರದ ಕಡೆ ಒಂದು ಕಾಡಾನೆ ಹಿಡಿಯೋ ಕಾರ್ಯಾಚರಣೆಯಲ್ಲಿ, ಆ ಕಾಡಾನೆ ಜೊತೆ ಕಾದಾಡಿ ಸತ್ತ.

ಜನರ ಕತೆ ಏನಾಯ್ತು? ಅಣೆಕಟ್ಟು ಕೆಲವರ ಹಾಡಿ, ಹೊಲ ಮುಳುಗಿಸ್ತು. ರಾಷ್ಟ್ರೀಯ ಉದ್ಯಾನ ಅಂತ ಆದಾಗ ಇನ್ನೂ ಹಲವರು ಹೊರಗೆ ಬಂದರು. 1990ರ ದಶಕದಲ್ಲಿ ಅದೇ ನಾಗರಹೊಳೆಯ ಒಳಗೆ ದೊಡ್ಡ ಹೋಟೆಲ್ ಕಂಪನಿಯೊಂದು ರೆಸಾರ್ಟ್ ಕಟ್ಟೋಕೆ ಹೊರಟಾಗ ಆದಿವಾಸಿಗಳೇ ಎದುರು ನಿಂತರು. 1997ರಲ್ಲಿ ಹೈಕೋರ್ಟ್ ಅವರ ಪರ ತೀರ್ಪು ಕೊಡ್ತು. ಒಕ್ಕಲೆದ್ದ ಕಾಡಿಗೆ ಪ್ರವಾಸಿ ಒಳಗೆ, ಜೇನು ಕೀಳೋನು ಹೊರಗೆ ಅನ್ನೋ ಲೆಕ್ಕ ನನಗೆ ಇವತ್ತಿಗೂ ಅರ್ಥ ಆಗಿಲ್ಲ.

2006ರ ಅರಣ್ಯ ಹಕ್ಕು ಕಾಯ್ದೆ ಬಂದಮೇಲೂ ಜಗಳ ಮುಗಿದಿಲ್ಲ. 2025ರ ಮೇ ತಿಂಗಳಲ್ಲಿ ಐವತ್ತಕ್ಕೂ ಹೆಚ್ಚು ಜೇನುಕುರುಬ ಕುಟುಂಬಗಳು ನಾಗರಹೊಳೆಯ ಕೊಡಗಿನ ಕಡೆ ಇರೋ ಕರಡಿಕಲ್ಲಿಗೆ ವಾಪಸ್ ಹೋಗಿ ಗುಡಿಸಲು ಹಾಕಿದವು. 1980ರ ದಶಕದಲ್ಲಿ ನಮ್ಮನ್ನ ಇಲ್ಲಿಂದಲೇ ಹೊರಹಾಕಿದ್ದು ಅನ್ನೋದು ಅವರ ಮಾತು. ಅಲ್ಲಿ ಹಾಡಿ ಇತ್ತು ಅನ್ನೋಕೆ ಪುರಾವೆ ಸಾಲದು ಅನ್ನೋದು ಅರಣ್ಯ ಇಲಾಖೆಯ ವಾದ. ಮೈಸೂರಿನ ಕಾಡುಗಳಲ್ಲಿ ಜೇನುಕುರುಬರು ಇದ್ದಾರೆ, ಅವರು ಹೇಗೆ ಬದುಕ್ತಾರೆ ಅನ್ನೋದನ್ನ ಮಾತ್ರ ಸ್ಯಾಂಡರ್ಸನ್ 1878ರಲ್ಲೇ ಅಚ್ಚು ಹಾಕಿಸಿದ್ದ.