ನದಿಯ ಕೆಳಗೆ ಎಳೆದ ಗೆರೆ

ತುಕ್ಕಾನಟ್ಟಿಯ ನಮ್ಮ ಹೊಲದಲ್ಲಿ ಒಂದು ಹಳೆಯ ಬಾವಿ ಇದೆ. ಅದಕ್ಕೂ ಪಕ್ಕದ ಹಳ್ಳಕ್ಕೂ ನಡುವೆ ಹತ್ತು ಮಾರು ನೆಲ. 1972ರ ಬರದಲ್ಲಿ ಬಾವಿಯ ತಳ ಕಂಡಿತು. ಅಪ್ಪ ಆಳ ಮಾಡಿಸಲು ಹೊರಟರೆ ಕೆಳಗೆ ಗಟ್ಟಿ ಕಲ್ಲು ಹತ್ತಿತು. ಕೆಳಗೆ ಹೋಗುವ ಬದಲು ಹಳ್ಳದ ಕಡೆಗೆ ಅಡ್ಡ ಸುರಂಗ ಹೊಡೆದರೆ ಸೆಲೆ ಸಿಕ್ಕೀತು ಎಂದು ಅವನ ಆಸೆ. ಬಾವಿ ತೋಡುವ ಗುಂಪಿನ ಹಿರಿಯ ಒಪ್ಪಿಕೊಂಡ, ಆದರೆ ತನ್ನ ರೀತಿಯಲ್ಲಿ. ದಿನಾ ಬೆಳಿಗ್ಗೆ ಮದ್ದು ತುಂಬುವ ಮೊದಲು ಉದ್ದನೆಯ ಹಾರಿಯಿಂದ ಮುಂದಿನ ಕಲ್ಲಿಗೆ ಒಂದು ತೂತು ಕೊರೆಯುತ್ತಿದ್ದ. ಹಾರಿಯ ತುದಿ ಹೊರಗೆಳೆದು ಬೆರಳಿಂದ ಮುಟ್ಟಿ ನೋಡುತ್ತಿದ್ದ. ಪುಡಿ ಒಣಗಿದ್ದರೆ ಕೆಲಸ, ಹಸಿಯಾಗಿದ್ದರೆ ಇಲ್ಲ. ಐದನೆಯ ದಿನ ಪುಡಿ ಕೆಸರಾಗಿ ಬಂತು. ಆತ ಹಾರಿಯನ್ನು ಗೋಡೆಗೆ ಆನಿಸಿಟ್ಟು ಮೇಲೆ ಬಂದ. "ಅಣ್ಣಾರ, ಇಷ್ಟಕ್ಕ ಸಾಕ್ರಿ. ನೀರು ನಾವು ಕರದಷ್ಟ ಬರಬೇಕು. ತಾನ ನುಗ್ಗಿ ಬಂತಂದ್ರ ಒಳಗಿದ್ದಾಂವ ಹೊರಗ ಬರೂದಿಲ್ಲ."

ನಾನಾಗ ಕೆಜಿಎಫ್‌ನ ಊರ್ಗಾಂವ್‌ನಲ್ಲಿ ಗಣಿ ಡಿಪ್ಲೊಮಾ ಓದುತ್ತಿದ್ದ ಹುಡುಗ, ರಜೆಗೆ ಊರಿಗೆ ಬಂದಿದ್ದೆ. ಹಿರಿಯನ ಮಾತು ಹಳ್ಳಿಯವನ ಅಂಜಿಕೆ ಎಂದುಕೊಂಡೆ. ಎರಡು ವರ್ಷದ ಮೇಲೆ ನಾಗಪುರದ ಹತ್ತಿರ ಕನ್ಹಾನ್ ನದಿಯ ಕಡೆಯ ಕಲ್ಲಿದ್ದಲು ಗಣಿಗೆ ಸರ್ವೇ ಕೆಲಸಕ್ಕೆ ಸೇರಿದ ಮೇಲೆ ಅದು ಸರ್ಕಾರದ ಪುಸ್ತಕದಲ್ಲೇ ಅಚ್ಚಾಗಿರುವುದನ್ನು ಕಂಡೆ. ಆಗ ಜಾರಿಯಲ್ಲಿದ್ದ 1957ರ ಕಲ್ಲಿದ್ದಲು ಗಣಿ ನಿಯಮಾವಳಿಯ 126 ಮತ್ತು 127ನೇ ನಿಯಮಗಳು. ಸರ್ವೇಯರ್ ಸರ್ಟಿಫಿಕೇಟ್ ಪರೀಕ್ಷೆಗೆ ಇವೆರಡನ್ನು ಬಾಯಿಪಾಠ ಮಾಡದೆ ಯಾರೂ ಕೂರುತ್ತಿರಲಿಲ್ಲ.

ಮೊದಲನೆಯದು ಮೇಲಿನ ನೀರಿನ ಮಾತು. ನದಿ, ಕಾಲುವೆ, ಸರೋವರ, ಕೆರೆ, ಯಾವುದೇ ಜಲಾಶಯ ಇರಲಿ, ಅದರ ನೇರ ಕೆಳಗೆ ಕೆಲಸ ಮಾಡುವಂತಿಲ್ಲ. ದಂಡೆಯಿಂದ ಅಡ್ಡಳತೆಯಲ್ಲಿ 15 ಮೀಟರ್ ಒಳಗೂ ಮಾಡುವಂತಿಲ್ಲ. ಮಾಡಲೇಬೇಕಾದರೆ ಧನಬಾದಿನ ಮುಖ್ಯ ಇನ್‌ಸ್ಪೆಕ್ಟರರ ಲಿಖಿತ ಅನುಮತಿ ಬೇಕು, ಅವರು ಹಾಕಿದ ಷರತ್ತಿನಂತೆ ನಡೆಯಬೇಕು. ಗಣಿಯ ಬಾಯಿ ಆ ಜಾಗದ ಅತಿ ಎತ್ತರದ ಪ್ರವಾಹದ ಮಟ್ಟಕ್ಕಿಂತ ಕನಿಷ್ಠ 1.5 ಮೀಟರ್ ಮೇಲಿರಬೇಕು. ಎರಡನೆಯದು ಒಳಗಿನ ನೀರಿನ ಮಾತು. ಬಿಟ್ಟುಹೋದ ಹಳೆಯ ಕೆಲಸಗಳಲ್ಲಿ ನಿಂತ ನೀರಿನಿಂದ 60 ಮೀಟರ್ ಒಳಗೆ ಹೋಗುವಾಗ ಅನುಮತಿ ಬೇಕು, ಕೊರೆಯುವ ಓಣಿಯ ಅಗಲ ಎತ್ತರ 2.4 ಮೀಟರ್ ದಾಟಬಾರದು, ಮುಂದೆಯೂ ಅಕ್ಕಪಕ್ಕಕ್ಕೂ ತೂತು ಕೊರೆಯುತ್ತಲೇ ಸಾಗಬೇಕು, ಆ ತೂತು ಕೆಲಸಕ್ಕಿಂತ ಯಾವಾಗಲೂ 3 ಮೀಟರಾದರೂ ಮುಂದಿರಬೇಕು. ನಮ್ಮ ಬಾವಿಯ ಹಿರಿಯನ ಹಾರಿ ಮಾಡಿದ್ದು ಇದೇ ಕೆಲಸ.

ಈ ಅಂಕಿಗಳು ಯಾವ ಅಧಿಕಾರಿಯೂ ಕೋಣೆಯಲ್ಲಿ ಕೂತು ಬರೆದವಲ್ಲ. 1954ರ ಡಿಸೆಂಬರ್ 10ರಂದು ಛಿಂದವಾಡಾ ಕಡೆಯ ನ್ಯೂಟನ್ ಚಿಖ್ಲಿ ಗಣಿಗೆ ನೀರು ನುಗ್ಗಿ 63 ಜನ ಹೋದರು. ಬೆನ್ನಿಗೇ 1955ರಲ್ಲಿ ತಾತ್ಕಾಲಿಕ ನಿಯಮಾವಳಿ ಬಂತು. 1956ರ ಸೆಪ್ಟೆಂಬರ್‌ನಲ್ಲಿ ಬಡಾ ಧೇಮೋ ಗಣಿಯಲ್ಲಿ ಮತ್ತೆ ನೀರು, 28 ಸಾವು. ಮರುವರ್ಷ 1957ರ ನಿಯಮಾವಳಿ. ಇಂಗ್ಲೆಂಡಿನಲ್ಲಿ ಇದು ಇನ್ನೂ ಹಳೆಯ ಕಥೆ. 1837ರಲ್ಲಿ ವರ್ಕಿಂಗ್‌ಟನ್ ಊರಿನಲ್ಲಿ ಸಮುದ್ರವೇ ಗಣಿಯೊಳಗೆ ಇಳಿದು 27 ಗಂಡಸರು, ಹುಡುಗರು ಮುಳುಗಿದರು. ಜಪಾನಿನ ಚೋಸೇ ಗಣಿಯಲ್ಲಿ 1942ರ ಫೆಬ್ರುವರಿ 3ರಂದು ಸಮುದ್ರತಳ ಕುಸಿದು 183 ಜನ ಒಳಗೇ ಉಳಿದರು, ಅವರಲ್ಲಿ 136 ಮಂದಿ ಕೊರಿಯಾದವರು. ಆ ಗಣಿಯ ಗಾಳಿಕೊಳವೆಗಳು ಇಂದಿಗೂ ಕಡಲಿನಿಂದ ಮೇಲೆ ತಲೆಯೆತ್ತಿ ನಿಂತಿವೆ.

ನೀರಿನ ಕೆಳಗೆ ಕಲ್ಲಿದ್ದಲು ತೆಗೆಯುವುದೇ ಇಲ್ಲವೆಂದಲ್ಲ. ತೆಗೆಯುವ ಕ್ರಮ ಬೇರೆ. ಭೂಗತ ಗಣಿ ಒಂದು ಚೌಕಟ್ಟಿನ ಊರಿದ್ದಂತೆ. ಓಣಿಗಳನ್ನು ಕೊರೆಯುತ್ತೇವೆ, ಅವು ಗ್ಯಾಲರಿ. ನಡುವೆ ಮನೆಗಳಂತೆ ಕಲ್ಲಿದ್ದಲಿನ ಕಂಬಗಳು ಉಳಿಯುತ್ತವೆ, ಅವು ಪಿಲ್ಲರ್. ಮೊದಲ ಸುತ್ತಿನಲ್ಲಿ ಓಣಿ ಮಾತ್ರ. ಎರಡನೆಯ ಸುತ್ತಿನಲ್ಲಿ ಕಂಬಗಳನ್ನೂ ತೆಗೆಯುತ್ತ ಹಿಂದೆ ಸರಿದಾಗ ಮೇಲಿನ ಬಂಡೆ ಕುಸಿಯುತ್ತದೆ, ಆ ಬಿರುಕು ಮೇಲೆ ಮೇಲೆ ಏರಿ ನೆಲದವರೆಗೂ ಬರುತ್ತದೆ. ಹೊಲದಲ್ಲಾದರೆ ಒಂದು ತಗ್ಗು ಬಿದ್ದು ಮುಗಿಯಿತು. ಮೇಲೆ ನದಿ ಇದ್ದರೆ ನದಿಯೇ ಒಳಗೆ ಬರುತ್ತದೆ. ಆದ್ದರಿಂದ ನದಿಯ ಕೆಳಗಿನ ಕಂಬಗಳನ್ನು ಹಾಗೇ ಬಿಡಬೇಕು, ಇಲ್ಲವೇ ಖಾಲಿಯಾದ ಜಾಗವನ್ನು ಉಸುಕಿನಿಂದ ತುಂಬಬೇಕು.

ಕನ್ಹಾನ್ ನದಿಯ ಉಸುಕನ್ನು ನೀರಿನಲ್ಲಿ ಕಲಸಿ ಪೈಪಿನಲ್ಲಿ ಒಳಗೆ ಹರಿಸುವುದನ್ನು ನಾನು ಮೊದಲ ಸಲ ನೋಡಿದಾಗ ಅರ್ಧ ಗಂಟೆ ಅಲ್ಲೇ ನಿಂತೆ. ಬಿದಿರಿನ ತಡಿಕೆ ಕಟ್ಟಿ, ಅದಕ್ಕೆ ಗೋಣಿತಟ್ಟು ಹೊಚ್ಚಿ, ಅದರಾಚೆ ಉಸುಕು ಬೀಳುತ್ತಿತ್ತು. ನೀರು ಸೋಸಿ ಹೊರಗೆ ಹರಿಯುತ್ತಿತ್ತು, ಉಸುಕು ಛತ್ತಿನವರೆಗೆ ಗಟ್ಟಿಯಾಗಿ ಕೂರುತ್ತಿತ್ತು. ನದಿಯ ಉಸುಕೇ ನದಿಯ ನೆಲವನ್ನು ಕೆಳಗಿನಿಂದ ಹೊತ್ತು ನಿಲ್ಲಬೇಕು. ಸರಿಯಾಗಿ ತುಂಬಿದರೆ ಮಾತ್ರ ಅದು ನಿಲ್ಲುತ್ತದೆ. ಛತ್ತಿಗೆ ಒಂದು ಮೊಳ ಖಾಲಿ ಬಿಟ್ಟು ಲೆಕ್ಕಕ್ಕೆ ಪೂರ್ತಿ ಬರೆದರೆ ಬಂಡೆಗೆ ಅದು ಗೊತ್ತಾಗುತ್ತದೆ.

1975ರ ನವೆಂಬರ್ 18. ಅದೇ ಪ್ರದೇಶದ ಸಿಲೇವಾಡಾ ಗಣಿಗೆ ನೀರು ನುಗ್ಗಿ 10 ಜನ ಸತ್ತರು. ನಾವಿನ್ನೂ ಅದೇ ಮಾತಿನಲ್ಲಿದ್ದೆವು, 39 ದಿನ ಕಳೆಯುವಷ್ಟರಲ್ಲಿ ಚಾಸ್ನಾಲಾ. ಡಿಸೆಂಬರ್ 27ರ ಮಧ್ಯಾಹ್ನ, ಧನಬಾದ್ ಸಮೀಪ, ಹಳೆಯ ಕೆಲಸಗಳಲ್ಲಿ ತುಂಬಿದ್ದ ನೀರು ನಡುವಿನ ತಡೆ ಒಡೆದು ಇಳಿಯಿತು. 375 ಜನ. ಒಬ್ಬರೂ ಬದುಕಿ ಬರಲಿಲ್ಲ. ನಮ್ಮ ಗಣಿಯಲ್ಲಿ ಆ ರಾತ್ರಿ ಪಾಳಿಗೆ ಇಳಿಯುವ ಮುಂಚೆ ಯಾರೂ ಹಾಜರಿ ಪುಸ್ತಕದ ಹತ್ತಿರ ಮಾತಾಡಲಿಲ್ಲ. ಪಾಳಿಯ ಮೇಲ್ವಿಚಾರಕನಾದ ಮುದುಕ ಸರದಾರನೊಬ್ಬ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ: "ಸರ್ವೇ ಬಾಬು, ನಮ್ಮ ನಕ್ಷೆ ಸರಿ ಇದೆಯೋ?"

ಅಂದಿನಿಂದ ನಿವೃತ್ತಿಯವರೆಗೆ ನನ್ನ ಕೆಲಸವೆಲ್ಲ ಆ ಒಂದು ಪ್ರಶ್ನೆಯ ಸುತ್ತಲೇ ನಡೆಯಿತು. 15 ಮೀಟರ್, 60 ಮೀಟರ್ ಎನ್ನುವುದು ಕಲ್ಲಿನ ಮೇಲೆ ಕಾಣುವ ಗೆರೆಯಲ್ಲ. ಒಳಗೆ ನಿಂತವನಿಗೆ ಎಲ್ಲ ಕಡೆಯೂ ಕಪ್ಪು. ಮೇಲೆ ನದಿ ಎಲ್ಲಿದೆ, ಪಕ್ಕದ ಹಳೆಯ ಗಣಿ ಎಲ್ಲಿ ನಿಂತಿದೆ ಎಂದು ಹೇಳುವುದು ನಕ್ಷೆಯೊಂದೇ. ಛತ್ತಿಗೆ ಮರದ ಬೆಣೆ ಬಡಿದು, ಅದಕ್ಕೆ ಮೊಳೆ ಹೊಡೆದು, ಗೌಂಡಿಗಳ ತೂಗುಗುಂಡನ್ನು ಇಳಿಬಿಟ್ಟು, ಅದರ ಹಿಂದೆ ಬಿಳಿ ಕಾಗದ ಹಿಡಿದು ದೀಪ ತೋರಿಸುತ್ತಾರೆ. ದಾರದ ನೆರಳನ್ನು ಥಿಯೊಡೊಲೈಟಿನಲ್ಲಿ ಹಿಡಿದು ಕೋನ ಓದಬೇಕು. ಹೀಗೆ ಒಂದರಿಂದ ಇನ್ನೊಂದಕ್ಕೆ, ಇನ್ನೊಂದರಿಂದ ಮತ್ತೊಂದಕ್ಕೆ. ಹಳೆಯ ಖಾಸಗಿ ಗಣಿಗಳ ಕಾಲದಲ್ಲಿ ದಿಕ್ಸೂಚಿಯ ಮುಳ್ಳನ್ನು ನಂಬಿ ಅಳೆದವರೂ ಇದ್ದರು. ಪಕ್ಕದಲ್ಲಿ ಕಬ್ಬಿಣದ ಹಳಿ ಇದ್ದರೆ ಮುಳ್ಳು ಅತ್ತ ಎಳೆಯುತ್ತದೆ. ಒಂದೇ ಡಿಗ್ರಿ ತಪ್ಪಿದರೆ ಸಾವಿರ ಮೀಟರ್ ಆಚೆ ಗೆರೆ 17 ಮೀಟರ್ ಪಕ್ಕಕ್ಕೆ ಹೋಗಿರುತ್ತದೆ. ಅಂದರೆ ಒಂದು ಡಿಗ್ರಿಗೆ ನಿಯಮದ 15 ಮೀಟರ್ ಪೂರ್ತಿ ನುಂಗಿಹೋಯಿತು, ಕಾಗದದ ಮೇಲೆ ಮಾತ್ರ ಎಲ್ಲವೂ ಸುರಕ್ಷಿತ.

ಇದು ಬರಿಯ ಲೆಕ್ಕವಲ್ಲ. 1973ರ ಮಾರ್ಚ್ 21ರಂದು ಇಂಗ್ಲೆಂಡಿನ ಲಾಫ್ಟ್‌ಹೌಸ್ ಗಣಿಗೆ ಹತ್ತೊಂಬತ್ತನೇ ಶತಮಾನದ ಹಳೆಯ ಕೆಲಸದ ನೀರು ನುಗ್ಗಿ ಏಳು ಜನ ಸತ್ತರು. ಆ ಹಳೆಯ ಕೆಲಸದ ಆಳ ಭೂವಿಜ್ಞಾನ ಇಲಾಖೆಯ ಹಳೆಯ ನೋಟ್‌ಬುಕ್ಕಿನಲ್ಲಿತ್ತು, ಯಾರೂ ತೆರೆದು ನೋಡಿರಲಿಲ್ಲ. 2002ರ ಜುಲೈನಲ್ಲಿ ಅಮೆರಿಕದ ಕ್ವೀಕ್ರೀಕ್‌ನಲ್ಲಿ ಒಂಬತ್ತು ಜನ 77 ಗಂಟೆ ನೀರಿನ ನಡುವೆ ಸಿಕ್ಕಿಬಿದ್ದು ಬದುಕಿ ಬಂದರು. ಪಕ್ಕದ ಹಳೆಯ ಗಣಿಯ ಕೊನೆಯ ನಕ್ಷೆ ಅವರ ಕೈಲಿರಲಿಲ್ಲ, ಅದಕ್ಕಿಂತ ಹಿಂದಿನದು ಇತ್ತು.

ನನ್ನ ಕೈಯಲ್ಲೂ ಅಂಥದೊಂದು ನಕ್ಷೆ ಬಂದಿತ್ತು. ಗಣಿಯ ಹೆಸರು ಬೇಡ. ಎಂಬತ್ತರ ದಶಕದ ನಡುಭಾಗ. ಬಟ್ಟೆ ಅಂಟಿಸಿದ ಹಳೆಯ ಹಾಳೆ, ಅಳತೆಯೆಲ್ಲ ಸರಪಳಿ ಲೆಕ್ಕದಲ್ಲಿ, ಮೂಲೆಯಲ್ಲಿ ಕೊನೆಯ ಸರ್ವೇ ತಾರೀಖಿನ ಜಾಗ ಖಾಲಿ. ಅಂದರೆ ಅಳತೆಯ ಮೇಲೂ ಎಷ್ಟು ತಿಂಗಳು ಅಗೆದರೋ ದೇವರೇ ಬಲ್ಲ. ಎರಡು ಹಳೆಯ ಬಾಯಿಗಳನ್ನು ಮೇಲೆ ಹುಡುಕಿ ಮತ್ತೆ ಅಳೆದೆ, ನಕ್ಷೆಯನ್ನು ತಿರುಗಿಸಿ ಕೂರಿಸಿದೆ. ಹಳೆಯ ಗ್ಯಾಲರಿ ಇಪ್ಪತ್ತು ಮೀಟರಿನಷ್ಟು ನಮ್ಮ ಕಡೆಗೆ ಸರಿದು ನಿಂತಿತು. ಬರೆದುಕೊಟ್ಟೆ. ಮೇಲಿನವರು ಓದಿ, "ಹಳೆಯ ನಕ್ಷೆಯ ಪ್ರಕಾರ 60 ಮೀಟರಿಗಿಂತ ಹೆಚ್ಚಿದೆ, ಕೆಲಸ ನಿಲ್ಲಿಸಲಾಗದು" ಎಂದರು.

ಹನ್ನೊಂದು ದಿನದ ಮೇಲೆ ರಾತ್ರಿ ಪಾಳಿಯ ಸರದಾರ ಫೋನ್ ಮಾಡಿದ, ಮುಂದಿನ ಗೋಡೆ ಬೆವರುತ್ತಿದೆ ಎಂದ. ಹೋಗಿ ಕೈಯಿಟ್ಟರೆ ಕಲ್ಲಿದ್ದಲು ತಣ್ಣಗೆ, ಒದ್ದೆ. ಡ್ರಿಲ್ ಹಚ್ಚಿಸಿದೆ. ಮೊದಲ ರಾಡ್ ಒಣ ಪುಡಿ ತಂದಿತು. ಎರಡನೆಯದು ಕೆಸರು ತಂದಿತು. ಆಮೇಲೆ ರಾಡೇ ಹಿಂದಕ್ಕೆ ತಳ್ಳಿಕೊಂಡು ಬಂತು, ಹಿಂದೆಯೇ ನೀರು, ಕೊಳೆತ ಮೊಟ್ಟೆಯ ನಾತ. ನಿಂತ ನೀರಿನ ಗುರುತು ಆ ನಾತ. ಇಬ್ಬರು ಸೇರಿ ಮರದ ಗೂಟವನ್ನು ತೂತಿಗೆ ಹೊಡೆದರು, ನಾನು ಪಾಳಿಯವರನ್ನೆಲ್ಲ ಮೇಲಕ್ಕೆ ಕಳಿಸಿದೆ. ಮೂರು ಮೀಟರೂ ಕಲ್ಲಿದ್ದಲು ಉಳಿದಿರಲಿಲ್ಲ. ಮರುದಿನ ಪಂಪ್ ಬಂದವು. ಯಾರೂ ಸಾಯಲಿಲ್ಲ, ಆದ್ದರಿಂದ ಯಾವ ವಿಚಾರಣೆಯೂ ಆಗಲಿಲ್ಲ. ನನ್ನ ಪತ್ರ ಫೈಲಿನಲ್ಲೇ ಇತ್ತು. ಆ ರಾತ್ರಿ ಬಾವಿಯ ಹಿರಿಯನ ಕೆಸರು ಹತ್ತಿದ ಹಾರಿ ಕಣ್ಣಮುಂದೆ ಬಂದು ನಿದ್ದೆ ಬರಲಿಲ್ಲ.

ನದಿಯೂ ನಕ್ಷೆಯಲ್ಲಿ ಇದ್ದಲ್ಲೇ ಇರುವುದಿಲ್ಲ. 1995ರ ಸೆಪ್ಟೆಂಬರ್ ಕೊನೆಯ ಮಳೆಯಲ್ಲಿ ಝರಿಯಾ ಕಡೆಯ ಕತ್ರಿ ನದಿ ಉಕ್ಕಿ, ದಂಡೆ ಒಡೆದು ಗಜಲಿತಾಂಡ್ ಗಣಿಗೆ ಇಳಿಯಿತು. 64 ಜನ ಸತ್ತರು. ಬೇಸಿಗೆಯಲ್ಲಿ ದಾಟಿ ಹೋಗಬಹುದಾದ ನದಿ ಅದು. 1.5 ಮೀಟರಿನ ನಿಯಮ ಯಾಕೆ ಎಂದು ಕೇಳುವವರಿಗೆ ನಾನು ನಮ್ಮ ಗೋಕಾಕವನ್ನೇ ತೋರಿಸುತ್ತೇನೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಪೇಟೆಯೊಳಗೆ ಬಂದಾಗ, ಇಲ್ಲಿಗೆ ನೀರು ಬರುವುದೇ ಇಲ್ಲ ಎಂದು ಐವತ್ತು ವರ್ಷ ಹೇಳಿಕೊಂಡು ಬಂದವರ ಮನೆಗಳೂ ಮುಳುಗಿದವು. ಅತಿ ಎತ್ತರದ ಪ್ರವಾಹದ ಮಟ್ಟ ಎನ್ನುವುದು ಮುಂದಿನ ಪ್ರವಾಹದವರೆಗೆ ಮಾತ್ರ ಸತ್ಯ.

ಆಸೆಯ ಕಥೆ ಎಲ್ಲಕ್ಕಿಂತ ಕೆಟ್ಟದು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸಸ್ಕ್ವೆಹಾನಾ ನದಿಯ ಕೆಳಗೆ ನಾಕ್ಸ್ ಕಂಪನಿ ಕಲ್ಲಿದ್ದಲಿನ ಪದರವನ್ನು ಹಿಂಬಾಲಿಸಿ ಮೇಲೆ ಮೇಲೆ ಹೋಯಿತು. ನದಿಯ ತಳಕ್ಕೆ 35 ಅಡಿ ಬಂಡೆ ಇರಬೇಕಿತ್ತು. ಒಡೆದ ಜಾಗದಲ್ಲಿ ಉಳಿದಿದ್ದು ಸುಮಾರು 19 ಅಂಗುಲ. 1959ರ ಜನವರಿ 22ರಂದು ನದಿಯಲ್ಲಿ ಸುಳಿ ಎದ್ದಿತು. ಅದನ್ನು ಮುಚ್ಚಲು ರೈಲಿನ ವ್ಯಾಗನ್ನುಗಳನ್ನೇ ಸುಳಿಯೊಳಗೆ ನೂಕಿದರು. 69 ಜನ ಹೊರಬಂದರು, 12 ಜನರ ಹೆಣವೂ ಸಿಗಲಿಲ್ಲ.

ಕರ್ನಾಟಕದಲ್ಲಿ ಕಲ್ಲಿದ್ದಲೇ ಇಲ್ಲ, ನಮಗೇಕೆ ಇದು ಎಂದು ಊರಲ್ಲಿ ಕೇಳುತ್ತಾರೆ. ರಾಯಚೂರಿನ ಉಷ್ಣ ವಿದ್ಯುತ್ ಸ್ಥಾವರ 1985ರಿಂದ ಉರಿಸುತ್ತಿರುವುದು ಹೊರಗಿನ ರಾಜ್ಯಗಳ ಕಲ್ಲಿದ್ದಲನ್ನು. ಸಿಂಗರೇಣಿಯಿಂದಲೂ ಬರುತ್ತದೆ. ಅದೇ ಸಿಂಗರೇಣಿಯ ಗೋದಾವರಿಖನಿಯಲ್ಲಿ 2003ರ ಜೂನ್ 16ರಂದು ನೀರು ನುಗ್ಗಿ 17 ಜನ ಸತ್ತರು. ನಮ್ಮ ಕಬ್ಬಿನ ಗದ್ದೆಯ ಮೋಟರ್ ತಿರುಗುವ ಕರೆಂಟಿನಲ್ಲಿ ಅವರ ಪಾಲೂ ಇದೆ. ಇನ್ನು ನಾನು ಓದಿದ ಕೆಜಿಎಫ್. 2001ರಲ್ಲಿ ಗಣಿ ಮುಚ್ಚಿತು, ಪಂಪ್ ನಿಂತವು, ಮೂರು ಕಿಲೋಮೀಟರಿಗೂ ಆಳದ ಸುರಂಗಗಳಲ್ಲಿ ನೀರು ತುಂಬಿತು. ಮುಂದೆಂದಾದರೂ ಅದರ ಪಕ್ಕದಲ್ಲಿ ಯಾರಾದರೂ ಅಗೆದರೆ ಅವರನ್ನು ಕಾಯುವುದು ಅಲ್ಲಿನ ಕೊನೆಯ ನಕ್ಷೆಗಳೇ. ಅವು ಗೆದ್ದಲು ಹಿಡಿಯದಂತೆ ಇಡುವುದು ಸರ್ಕಾರದ ಕರ್ತವ್ಯ.

2017ರಲ್ಲಿ ಹೊಸ ಕಲ್ಲಿದ್ದಲು ಗಣಿ ನಿಯಮಾವಳಿ ಬಂತು. ಅದಕ್ಕೆ ಮೊದಲೇ ನಾನು ನಿವೃತ್ತನಾಗಿ ಊರಿಗೆ ಬಂದಿದ್ದೆ. ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹುಡುಗರು ಡಿಪ್ಲೊಮಾ ಮುಗಿಸಿ ಗಣಿಗೆ ಹೋಗುವ ಮುಂಚೆ ಮನೆಗೆ ಬಂದು ಏನು ಓದಬೇಕು ಎಂದು ಕೇಳುತ್ತಾರೆ. ನಾನು ಅವರನ್ನು ಹೊಲದ ಬಾವಿಗೆ ಕರೆದುಕೊಂಡು ಹೋಗಿ ಆ ಅರ್ಧಕ್ಕೆ ನಿಂತ ಅಡ್ಡ ಸುರಂಗ ತೋರಿಸುತ್ತೇನೆ. ಹಿರಿಯ ನಿಲ್ಲಿಸಿದ ಜಾಗ ಈಗಲೂ ಹಾಗೇ ಇದೆ, ಬೇಸಿಗೆಯಲ್ಲೂ ಸಣ್ಣಗೆ ಜಿನುಗುತ್ತದೆ. ಆಮೇಲೆ ಹೇಳುವುದು ಇಷ್ಟೇ: ತಮ್ಮಾ, ಗಣಿಯಲ್ಲಿ ಹಳೆಯ ನಕ್ಷೆ ಕೈಗೆ ಕೊಟ್ಟರೆ ಮೊದಲು ಕೊನೆಯ ಸರ್ವೇ ತಾರೀಖು ನೋಡು. ತಾರೀಖು ಇಲ್ಲದಿದ್ದರೆ ನೀನೇ ಮತ್ತೆ ಅಳೆ. ಅಳೆಯುವವರೆಗೆ ಒಬ್ಬನನ್ನೂ ಆ ಕಡೆ ಕಳಿಸಬೇಡ.