ಕತ್ತರಿಯಲ್ಲಿ ಮೂಡಿದ ಮುಖಗಳು

ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ನಮ್ಮ ಮುತ್ತಜ್ಜನ ಅಜ್ಜ ನೋಡಲು ಹೇಗಿದ್ದರು ಎಂದು ಮಕ್ಕಳು ಕೇಳಿದರೆ ತೋರಿಸಲು ನಮ್ಮಲ್ಲಿ ಏನಿದೆ? ಕ್ಯಾಮರಾ ಬರುವ ಮೊದಲು ಮುಖದ ನೆನಪು ಉಳಿಸಿಕೊಳ್ಳುವ ಭಾಗ್ಯ ಹೆಚ್ಚಾಗಿ ಸಿರಿವಂತರದ್ದಾಗಿತ್ತು. 18ನೇ ಶತಮಾನದ ಯುರೋಪಿನಲ್ಲಿ ಸಾಮಾನ್ಯರಿಗೂ ಅದನ್ನು ಒದಗಿಸಿದ್ದು ಕಪ್ಪು ಕಾಗದ ಮತ್ತು ಕತ್ತರಿ.

ದೀಪದ ಮುಂದೆ ಪಕ್ಕಕ್ಕೆ ತಿರುಗಿ ಕುಳಿತವರ ನೆರಳು ಕಾಗದದ ಮೇಲೆ ಬೀಳುತ್ತದೆ. ಅದರ ಅಂಚಿಗೆ ಗೆರೆ ಎಳೆದು, ಚಿಕ್ಕದಾಗಿಸಿ ಕತ್ತರಿಸಿದರೆ ಚಿತ್ರ ಸಿದ್ಧ. ಕಣ್ಣಿಲ್ಲ, ಬಣ್ಣವಿಲ್ಲ, ಆದರೂ ಹಣೆ, ಮೂಗು, ಗಲ್ಲದ ಗೆರೆಯಿಂದಲೇ ಮನೆಯವರು ಗುರುತು ಹಿಡಿಯುತ್ತಿದ್ದರು. 1759ರಲ್ಲಿ ಫ್ರಾನ್ಸಿನ ಹಣಕಾಸು ಮಂತ್ರಿಯಾಗಿದ್ದ ಸಿಲುವೆಟ್‌ನ ಜಿಪುಣತನವನ್ನು ಲೇವಡಿ ಮಾಡಲು ಈ ಅಗ್ಗದ ಚಿತ್ರಕ್ಕೆ ಅವನ ಹೆಸರಿಟ್ಟರು ಎನ್ನುತ್ತಾರೆ.

ಒಗುಸ್ತ್ ಎದುವಾರ್ (1789–1861) ನೆರಳನ್ನೂ ನೆಚ್ಚದೆ ಕಣ್ಣಳತೆಯಲ್ಲೇ ಕತ್ತರಿ ಆಡಿಸುತ್ತಿದ್ದ. ಕಾಗದ ಮಡಚಿ ಕತ್ತರಿಸಿ ಒಂದು ಪ್ರತಿಯನ್ನು ಗಿರಾಕಿಗೆ ಕೊಟ್ಟು, ಇನ್ನೊಂದನ್ನು ಹೆಸರು, ತಾರೀಕು ಬರೆದು ತಾನೇ ಇಟ್ಟುಕೊಳ್ಳುತ್ತಿದ್ದ. ಅವನ ಕೈಚಳಕಕ್ಕಿಂತ ಈ ಅಭ್ಯಾಸವೇ ನನಗೆ ದೊಡ್ಡದೆನಿಸುತ್ತದೆ. 1849ರಲ್ಲಿ ಅಮೆರಿಕದಿಂದ ಮರಳುವಾಗ ಗರ್ನ್ಸಿ ದ್ವೀಪದ ಬಳಿ ಹಡಗು ಒಡೆದು ಸಾವಿರಾರು ಮುಖಗಳು ನೀರುಪಾಲಾದವು. 1839ರಲ್ಲಿ ಪ್ರಕಟವಾದ ಛಾಯಾಗ್ರಹಣ ಅಷ್ಟರಲ್ಲೇ ಈ ಕಸುಬಿನ ಅನ್ನ ಕಸಿಯತೊಡಗಿತ್ತು.

ನಮ್ಮ ನಾಡಿನಲ್ಲಿ ಆಕೃತಿಯ ಅಂಚು ತಿಳಿದವರಿರಲಿಲ್ಲವೇ? ಇದ್ದರು. 17ನೇ ಶತಮಾನದ ಆದಿಲ್‌ಶಾಹಿ ಬಿಜಾಪುರದಲ್ಲಿ ಕಲಾವಿದರು ಅಂಟಿನಿಂದಲೋ ಕತ್ತರಿಸಿದ ಕಾಗದದಿಂದಲೋ ಹಾಳೆಯ ಭಾಗಗಳನ್ನು ಮರೆಮಾಡಿ, ನೀರಿನ ಮೇಲೆ ತೇಲುವ ಬಣ್ಣ ಹಿಡಿಸುತ್ತಿದ್ದರು. ಹಾಗೆ ಮೂಡಿದ ಬಡಕಲು ಕುದುರೆಯೊಂದು ತನ್ನ ಸವಾರನೊಂದಿಗೆ ಇಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ.